ಸ್ವೆಟರುಗಳು ಊರಿಗೆ ಹೋದ ವರ್ಷ

ಟ್ರಂಕಿನ ಮುಚ್ಚಳ ಎತ್ತಿದ ಕೂಡಲೇ ಬೂದಿ ಬಣ್ಣದ ಸಣ್ಣ ಪತಂಗಗಳು ಮುಖದ ಮುಂದೆ ಹಾರಿದವು. ಮೇಲಿನ ಸ್ವೆಟರನ್ನು ಎರಡು ಬೆರಳಲ್ಲಿ ಹಿಡಿದು ಎತ್ತಿದರೆ ಅದರ ತೋಳು ಬುಡದಿಂದ ಕಳಚಿ ಕೆಳಗೇ ಉಳಿಯಿತು. ಅದರಡಿಯದ್ದು ಜರಡಿಯಂತಾಗಿತ್ತು. ಟ್ರಂಕಿನ ತಳದಲ್ಲಿ ಡಾಂಬರು ಗುಳಿಗೆಗಳು ಕರಗಿ ಅಕ್ಕಿಕಾಳಿನಷ್ಟಾಗಿ ಬಿದ್ದಿದ್ದವು. ಹುಡುಗಿಯರು ಬಾಗಿಲಲ್ಲಿ ಸಾಲುಗಟ್ಟಿ ಇಣುಕುತ್ತಿದ್ದರು. ಹೊರಗೆ ಘಟ್ಟದ ಕಡೆಯಿಂದ ಬಂದ ಮಂಜು ಇನ್ನೂ ಅಂಗಳ ಬಿಟ್ಟಿರಲಿಲ್ಲ, ಅವರೆಲ್ಲ ಲಂಗದ ಮೇಲೆ ಟವೆಲ್ಲು ಹೊದ್ದು ನಿಂತಿದ್ದರು.

ಎಂಬತ್ತರ ದಶಕದ ಮೊದಲ ವರ್ಷಗಳವು. ಖಾನಾಪುರದಲ್ಲಿ ಬೆಳಗಾವಿಯ ಕೆಲವು ವ್ಯಾಪಾರಿಗಳು ಸೇರಿ ನಡೆಸುತ್ತಿದ್ದ ಹೆಣ್ಣುಮಕ್ಕಳ ವಸತಿ ನಿಲಯಕ್ಕೆ ನಾನು ಮೇಲ್ವಿಚಾರಕಿಯಾಗಿ ಬಂದು ವಾರವೂ ಆಗಿರಲಿಲ್ಲ. ನನ್ನ ಹಿಂದೆ ಇದ್ದವರು ಚಳಿಗಾಲ ಮುಗಿದಾಗ ಸ್ವೆಟರುಗಳನ್ನು ಒಗೆಯದೆ, ಬೆವರು ಮಣ್ಣಿನ ಸಮೇತ ಟ್ರಂಕಿಗೆ ತುಂಬಿ ಬೀಗ ಹಾಕಿ ಹೋಗಿದ್ದರು. ಉಣ್ಣೆಯ ಹುಳುವಿಗೆ ಬೆವರಿನ ಕಲೆಯೇ ಹಬ್ಬದ ಊಟ. ಆ ಚಳಿಗಾಲವೆಲ್ಲ ನಾನೂ ದೊಡ್ಡ ಹುಡುಗಿಯರೂ ಹೊಲಿಯುವುದರಲ್ಲೇ ಕಳೆದೆವು. ಎರಡು ಹಾಳಾದ ಸ್ವೆಟರು ಬಿಚ್ಚಿ ಒಂದು ಹೆಣೆಯುವುದು, ಗಟ್ಟಿಯಿದ್ದ ಬೆನ್ನಿಗೆ ಬೇರೆ ಬಣ್ಣದ ತೋಳು ಜೋಡಿಸುವುದು, ಸಾಲದ್ದಕ್ಕೆ ಬೆಳಗಾವಿಯಿಂದ ಹೊಸ ಉಣ್ಣೆ ತರಿಸುವುದು. ಒಂಬತ್ತನೆಯ ತರಗತಿಯಲ್ಲಿದ್ದ ಪಾರಿಶ್ವಾಡದ ಹುಡುಗಿಯೊಬ್ಬಳ ಕೈ ಈ ಕೆಲಸದಲ್ಲಿ ನನಗಿಂತ ಚುರುಕು. ಸಾಲೆಯ ಪುಸ್ತಕ ಮಡಿಲಲ್ಲಿಟ್ಟುಕೊಂಡು, ಕಣ್ಣು ಅದರ ಮೇಲಿಟ್ಟು, ಕೈಯಲ್ಲಿ ಸೂಜಿ ಆಡಿಸುತ್ತಿದ್ದಳು. ಎಲ್ಲರ ಮೈಗೂ ಒಂದೊಂದು ಸ್ವೆಟರು ಬರುವಷ್ಟರಲ್ಲಿ ಸಂಕ್ರಾಂತಿ ಬಂದಿತ್ತು.

ಆದ್ದರಿಂದ ಶಿವರಾತ್ರಿ ಮುಗಿದು ಬಿಸಿಲು ಬಲಿತಾಗ ನನಗೆ ಒಂದೇ ಹಟ. ಇಷ್ಟು ಕಷ್ಟಪಟ್ಟು ಹೆಣೆದದ್ದು ಮುಂದಿನ ಚಳಿಗೆ ಹುಳುವಿನ ಬಾಯಿಂದ ಉಳಿದು ಬರಬೇಕು. ಒಗೆಯುವುದು ಸಣ್ಣ ಮಾತು, ಇಡುವುದೇ ದೊಡ್ಡದು. ಖಾನಾಪುರದಲ್ಲಿ ಮಳೆ ಹಿಡಿದರೆ ನವರಾತ್ರಿಯವರೆಗೆ ಬಿಡುವುದಿಲ್ಲ. ಉಪ್ಪು ನೀರಾಗುತ್ತದೆ, ಬೆಂಕಿಪೆಟ್ಟಿಗೆ ಹೊತ್ತುವುದಿಲ್ಲ. ಅಂಥ ಊರಲ್ಲಿ ಉಣ್ಣೆ ಕಾಯುವುದೆಂದರೆ ಹಸುಗೂಸು ಕಾದಂತೆ.

ಸ್ವೆಟರು ಒಗೆಯಲು ನಾನು ಅಂಟವಾಳ ಕಾಯಿ ತರಿಸಲು ಹೇಳಿ ಕಳಿಸಿದ್ದೆ. ಅದರ ಬದಲು ನಿಲಯದ ಕಾರ್ಯದರ್ಶಿಗಳೇ ಬಂದರು. ಬೆಳಗಾವಿಯಲ್ಲಿ ದೊಡ್ಡ ಕಿರಾಣಿ ವ್ಯಾಪಾರ ಅವರದು. ಒಳ್ಳೆಯ ಮನುಷ್ಯರು, ಸಂಸ್ಥೆಗಾಗಿ ಓಡಾಡುವವರು, ಆದರೆ ಯಾವ ಕೆಲಸವಾದರೂ ಒಂದೇ ದಿನದಲ್ಲಿ ಮುಗಿಯಬೇಕು. ಜೊತೆಗೆ ಟೆಂಪೋ ಒಂದನ್ನು ತಂದಿದ್ದರು.

"ಬಾಯಾರ, ಎಲ್ಲಾ ಗಂಟ ಕಟ್ರಿ. ಪೀರನವಾಡಿ ಬಾಜೂಕ ನಮ್ಮ ಪರಿಚಯದವರ ಭಟ್ಟಿ ಐತಿ. ಊರಿನ ಹಾಟೇಲಿನ ಅರಿವಿ ಎಲ್ಲಾ ಅಲ್ಲೇ ಹೋಗ್ತಾವ. ನಾಳೆ ಸಂಜಿಗೆ ಒಗದು, ಒಣಗಿಸಿ, ಘಳಗಿ ಮಾಡಿ ಕಳಸ್ತಾರ," ಅಂದರು.

ಭಟ್ಟಿಯೆಂದರೆ ಬಟ್ಟೆಯನ್ನು ಸೋಡಾ ನೀರಲ್ಲಿ ಅದ್ದಿ ಹಬೆಯಲ್ಲಿ ಬೇಯಿಸುವ ಜಾಗ. ಹತ್ತಿಯ ಚಾದರಕ್ಕೆ ಅದು ಸರಿ.

"ಸಾವುಕಾರ್ರ, ಉಣ್ಣಿ ಅರಿವಿಗೆ ಭಟ್ಟಿ ಆಗಿ ಬರೂದಿಲ್ರಿ. ಕುಗ್ಗಿ ಹೋಗ್ತಾವ. ಇಲ್ಲೇ ಕೈಲೆ ಒಗೀತೇವಿ."

"ಹುಡುಗ್ಯಾರ ಪರೀಕ್ಷಾ ಹತ್ರ ಬಂದೈತಿ. ಅವರನ್ನ ನೀರಾಗ ನಿಲ್ಲಸ್ತೀರೇನು? ನಾಳೆ ಅವರ ಅವ್ವ ಅಪ್ಪ ನನಗ ಕೇಳ್ತಾರ."

ಅದೂ ಸುಳ್ಳಲ್ಲ. ಬಹಳ ಹೊತ್ತು ವಾದ ಮಾಡಿದ ಮೇಲೆ ನಮ್ಮಿಬ್ಬರ ನಡುವೆ ಒಂದು ಒಪ್ಪಂದವಾಯಿತು. ಸ್ವೆಟರು ನನ್ನ ಪಾಲಿಗೆ, ಹೊದೆಯುವ ಉಣ್ಣೆಯ ರಗ್ಗುಗಳು ಭಟ್ಟಿಯ ಪಾಲಿಗೆ. ರಗ್ಗು ಗಿರಣಿಯಲ್ಲಿ ನೇಯ್ದವು, ದಪ್ಪ, ತಡೆದುಕೊಳ್ಳುತ್ತವೆ ಎಂದು ಅವರು ಹೇಳಿದರು. ಹಬೆಗೆ ಹಾಕಬಾರದು, ತಣ್ಣೀರಲ್ಲಿ ಅದ್ದಿ ತೆಗೆಯಬೇಕೆಂದು ಟೆಂಪೋದವನಿಗೆ ಎರಡು ಸಲ ಹೇಳಿ ಕಳಿಸಿದೆ.

ರಗ್ಗುಗಳು ಮರಳಿ ಬಂದಾಗ ಗಂಟುಗಳು ಹೋದದ್ದರ ಅರ್ಧದಷ್ಟಿದ್ದವು. ಮೊದಲು ಕೆಲವು ಅಲ್ಲೇ ಉಳಿದಿರಬೇಕು ಎಂದುಕೊಂಡೆ. ಬಿಚ್ಚಿ ನೋಡಿದರೆ ಎಲ್ಲವೂ ಇದ್ದವು, ಆದರೆ ಒಂದೊಂದೂ ಬಾಗಿಲ ಕಾಲೊರಸಿನ ಹಾಗೆ ಗಿಡ್ಡಾಗಿ, ಒರಟಾಗಿ, ನೆಲಕ್ಕಿಟ್ಟರೆ ತಾವೇ ನಿಲ್ಲುವಂತಿದ್ದವು. ಐದನೆಯ ತರಗತಿಯ ಹುಡುಗಿಯೊಬ್ಬಳಿಗೆ ಹೊದಿಸಿ ನೋಡಿದೆ. ಕತ್ತಿನವರೆಗೆ ಎಳೆದರೆ ಮೊಣಕಾಲಿನಿಂದ ಕೆಳಗೆ ಬಯಲು. ಉಳಿದವರು ನಕ್ಕರು. ನನಗೆ ಅಳು ಬರುವಂತಾಗಿತ್ತು.

ಮರುದಿನವೇ ಬಸ್ಸು ಹತ್ತಿ ಪೀರನವಾಡಿಗೆ ಹೋದೆ. ಭಟ್ಟಿಯ ಯಜಮಾನ ಒಲೆಯ ಹೊಗೆಯಲ್ಲಿ ಕಣ್ಣೊರೆಸುತ್ತ ಹೊರಗೆ ಬಂದ. ತಂದಿದ್ದ ಒಂದು ರಗ್ಗನ್ನು ಅವನ ಮುಂದೆ ಹಾಸಿದೆ.

"ಅರೆ, ಇದು ಉಣ್ಣಿ ಐತ್ರ್ಯಾ?" ಅಂತ ಅವನೇ ನನ್ನನ್ನು ಕೇಳಿದ. "ಹಾಸ್ಟೇಲಿನ ಅರಿವಿ ಅಂತ ಗಂಟ ಇಳಿಸಿ ಹ್ವಾದ್ರು. ಹಾಸ್ಟೇಲಿನ ಅರಿವಿ ಅಂದ್ರ ನಾವು ಬೇಯಸ್ತೇವ್ರಿ. ಸಂಜಿಗೆ ಬೇಕಂತ ಬ್ಯಾರೆ ಹೇಳ್ಯಾರ."

"ತಣ್ಣೀರಾಗ ಅದ್ದಬೇಕಂತ ಹೇಳಿ ಕಳಿಸಿದ್ನಲ್ಲ?"

"ಯಾರಿಗ್ರಿ?"

ಟೆಂಪೋದವನಿಗೆ. ಅವನು ಸಾಮಾನು ಇಳಿಸುವ ಹಮಾಲನಿಗೆ ಹೇಳಿರಬಹುದು, ಮರೆತಿರಲೂಬಹುದು. ಯಾರ ಮೇಲೆ ಸಿಟ್ಟು ಮಾಡಬೇಕೆಂದು ತಿಳಿಯದೆ ಅಲ್ಲೇ ನಿಂತೆ. ಭಟ್ಟಿಯವನು ರಗ್ಗನ್ನು ಒದ್ದೆ ಮಾಡಿ, ಇಬ್ಬರು ಆಳುಗಳಿಂದ ಎರಡು ಕಡೆ ಹಿಡಿಸಿ ಎಳೆಸಿ ನೋಡಿದ. ಒಂದು ಗೇಣು ಕೂಡ ಬರಲಿಲ್ಲ. ಹಬೆಯಲ್ಲಿ ಬೆಂದ ಉಣ್ಣೆಯ ಎಳೆಗಳು ಒಂದಕ್ಕೊಂದು ಕಚ್ಚಿಕೊಂಡು ಬಿಡುತ್ತವೆ, ಆಮೇಲೆ ದೇವರು ಬಂದರೂ ಬಿಡಿಸಲಾಗದು. ಅಲ್ಲಿಂದ ಬೆಳಗಾವಿಗೆ ಹೋಗಿ ಕಾರ್ಯದರ್ಶಿಗಳಿಗೆ ತೋರಿಸಿದೆ. ಅವರು ತಿರುವಿ ನೋಡಿ, "ಬೆಚ್ಚಗ ಮಾತ್ರ ಭಾಳ ಅದಾವ ನೋಡ್ರಿ," ಅಂದರು. ಎರಡು ರಗ್ಗು ಜೋಡಿಸಿ ಒಂದು ಹೊಲಿಯುವುದೆಂದು ತೀರ್ಮಾನವಾಯಿತು. ಹೊಲಿಯುವವರು ಯಾರೆಂದು ಕೇಳಬೇಕಾಗಿರಲಿಲ್ಲ.

ಸ್ವೆಟರುಗಳ ಕೆಲಸ ನಾನೇ ಮುಂದೆ ನಿಂತು ಮಾಡಿಸಿದೆ. ಭಾನುವಾರಗಳಲ್ಲಿ ಮಾತ್ರ, ಪರೀಕ್ಷೆ ದೂರವಿದ್ದ ತರಗತಿಯವರಿಂದ ಮಾತ್ರ. ಮೊದಲು ಒಂದೊಂದನ್ನೂ ಅಂಗಳದಲ್ಲಿ ಒಳಮಗ್ಗುಲು ಮಾಡಿ ಝಾಡಿಸಬೇಕು. ಖಾನಾಪುರದ ಕೆಂಪು ಧೂಳು ಉಣ್ಣೆಯೊಳಗೆ ಹೊಕ್ಕರೆ ನೀರು ಬಿದ್ದೊಡನೆ ಕೆಸರಾಗಿ ಕಲೆ ಹಿಡಿಯುತ್ತದೆ. ಝಾಡಿಸಿದ ಮೇಲೆ ತೋಳಿನ ಉದ್ದಕ್ಕೆ ದಾರ ಹಿಡಿದು ಅಳತೆ ಇಟ್ಟುಕೊಳ್ಳುವುದು, ಒಣಗಿದಾಗ ಅದೇ ಅಳತೆಗೆ ಕೂರಿಸಲು. ಅಂಟವಾಳದ ಸಿಪ್ಪೆ ರಾತ್ರಿಯೇ ನೆನೆಸಿ, ಕಿವುಚಿ, ಸೋಸಿ ನೊರೆ ನೀರು ಮಾಡುವುದು. ಒಗೆಯುವ ನೀರೂ ಜಾಲಿಸುವ ನೀರೂ ಒಂದೇ ಹದದಲ್ಲಿರಬೇಕು. ಬೆಚ್ಚಗಿನ ನೀರಿನಿಂದ ತೆಗೆದು ತಣ್ಣೀರಿಗೆ ಹಾಕಿದರೆ ಉಣ್ಣೆ ಬೆಚ್ಚಿ ಕುಗ್ಗುತ್ತದೆ. ಉಜ್ಜಬಾರದು, ಹಿಂಡಬಾರದು, ಕಲ್ಲಿಗೆ ಬಡಿಯಲಂತೂ ಬಾರದು. ಅಂಗೈಯಿಂದ ಒತ್ತಿ ಒತ್ತಿ ಕೊಳೆ ಬಿಡಿಸಬೇಕು. ಒದ್ದೆ ಸ್ವೆಟರನ್ನು ಹೆಗಲು ಹಿಡಿದು ಎತ್ತಿದರೆ ನೀರಿನ ಭಾರಕ್ಕೆ ಮೊಣಕಾಲಿನವರೆಗೆ ಇಳಿಯುತ್ತದೆ, ಆದ್ದರಿಂದ ಕೂಸನ್ನು ಎತ್ತುವಂತೆ ಎರಡೂ ಕೈ ಅಡಿಗೆ ಕೊಟ್ಟು ಎತ್ತಿ, ಹಳೆಯ ಸೀರೆಯಲ್ಲಿ ಸುತ್ತಿ ಒತ್ತಿ, ನೆರಳಲ್ಲಿ ಹೊರಸಿನ ಮೇಲೆ ಮಲಗಿಸಬೇಕು.

ಹೇಳುವುದು ಸುಲಭ. ಹುಡುಗಿಯರಿಗೆ ಬಟ್ಟೆ ಒಗೆಯುವುದೆಂದರೆ ಬಡಿಯುವುದು ಎಂದೇ ಗೊತ್ತು. ನಾನು ಬೆನ್ನು ತಿರುಗಿಸಿದರೆ ಸಾಕು, ಬಾವಿಕಟ್ಟೆಯ ಕಲ್ಲಿನಿಂದ ಫಟ್ ಫಟ್ ಸದ್ದು ಬರುತ್ತಿತ್ತು. ಒಂದು ಭಾನುವಾರ ಹೊಸ ಉಣ್ಣೆಯ ಕೆಂಪು ಬಣ್ಣ ಬಿಟ್ಟು, ಅದರ ಜೊತೆ ನೆನೆದ ಬಿಳಿ ಸ್ವೆಟರುಗಳೆಲ್ಲ ಕುಂಕುಮ ಚೆಲ್ಲಿದಂತಾದವು. ಇನ್ನೊಂದು ಭಾನುವಾರ ಬಾವಿಯ ನೀರು ತಳ ಕಂಡಿತು. ಮಲಪ್ರಭೆಗೆ ಹೊತ್ತುಕೊಂಡು ಹೋದೆವು. ಅಲ್ಲಿ ಎಮ್ಮೆ ಮೈ ತೊಳೆಯುವವರ ಕೆಳಗಿನ ನೀರಲ್ಲಿ ನಮ್ಮ ಪಾಳಿ. ಎಲ್ಲರೂ ಮಾವಶಿ ಎಂದು ಕರೆಯುತ್ತಿದ್ದ ಅಡುಗೆಯವಳು ನಿತ್ಯ ಗೊಣಗುತ್ತಿದ್ದಳು.

"ಅಕ್ಕಾರ, ಇಷ್ಟ ಲಾಡ ಯಾವ ಅರಿವಿಗೆ ಮಾಡ್ತಾರ್ರೀ? ನಮ್ಮ ಮಕ್ಕಳಿಗೂ ಹಿಂಗ ಜಳಕಾ ಮಾಡಸ್ಲಿಲ್ಲ ನಾವು."

ಕೊನೆಯ ಪಾಳಿ ಹೊರಸಿನ ಮೇಲಿದ್ದಾಗ ಅಡ್ಡಮಳೆ ಬಂತು. ಬೇಸಿಗೆಯ ಮಧ್ಯಾಹ್ನ ಗುಡುಗು ಸಮೇತ ಸುರಿದು ಹೋಗುವ ಮಳೆ ಅದು. ನಾನು ಅಂಚೆ ಕಚೇರಿಗೆ ಹೋಗಿದ್ದೆ, ಹುಡುಗಿಯರು ಸಾಲೆಯಲ್ಲಿದ್ದರು. ಮಾವಶಿ ಒಬ್ಬಳೇ ಓಡಾಡಿ, ಒಣಗಿದ್ದು ಒದ್ದೆಯಾದದ್ದು ಎಲ್ಲ ಬಾಚಿ, ಒಳಗೆ ಹೊಸ ಕಬ್ಬಿಣದ ಕಪಾಟಿಗೆ ತುರುಕಿ ಬಾಗಿಲು ಒತ್ತಿದ್ದಳು. ಕಪಾಟು ಕಾರ್ಯದರ್ಶಿಗಳ ಕೊಡುಗೆ. ರಗ್ಗುಗಳ ವಿಷಯಕ್ಕೆ ಅವರಿಗೂ ಒಳಗೊಳಗೆ ಬೇಸರವಾಗಿತ್ತು, ಅದಕ್ಕೆ ಇಲಿ ಹೋಗದಂಥ ಕಪಾಟು ಕೊಡಿಸಿದ್ದರು. ಮಾವಶಿ ಉಪಕಾರವನ್ನೇ ಮಾಡಿದ್ದಳು. ಆದರೆ ಒದ್ದೆಯದನ್ನೂ ಒಳಗಿಟ್ಟದ್ದನ್ನು ನನಗೆ ಹೇಳಲು ಮರೆತಳು, ಖಾಲಿ ಹೊರಸು ನೋಡಿ ಎಲ್ಲ ಒಣಗಿದ್ದವೆಂದುಕೊಂಡೆ. ನಾಲ್ಕಾರು ದಿನ ಬಿಟ್ಟು ಕಪಾಟು ತೆಗೆದರೆ ಮುಗ್ಗಲು ವಾಸನೆ ಮೂಗಿಗೆ ಹೊಡೆಯಿತು. ಮಡಿಕೆಗಳ ನಡುವೆ ಬೂದಿ ಚೆಲ್ಲಿದಂತೆ ಬೂಷ್ಟು. ಕಬ್ಬಿಣದ ಒಳಮೈ ಬೆವರಿ ಹನಿಗಟ್ಟಿತ್ತು.

ಅಂದು ನಾನು ಊಟ ಮಾಡಲಿಲ್ಲ. ಮತ್ತೆ ಅಂಟವಾಳ, ಮತ್ತೆ ಹೊರಸು, ಮತ್ತೆ ಬಿಸಿಲು. ಅದನ್ನೂ ಮಾಡಿ ಮುಗಿಸಿದೆವು. ಆದರೆ ಕಪಾಟಿದ್ದ ಕೋಣೆಯಲ್ಲಿ ನಿಂತು ನೋಡಿದಾಗ ನನಗೆ ಒಂದು ಸಂಗತಿ ಸ್ಪಷ್ಟವಾಯಿತು. ಅದು ಪಡುವಣ ಗೋಡೆಯ ಕೋಣೆ. ಗೋಡೆಯ ಗಾರೆ ಸೊಂಟದೆತ್ತರಕ್ಕೆ ಉದುರಿತ್ತು. ಒಂದು ಅಡ್ಡಮಳೆಗೇ ಹೀಗಾದರೆ ಮೃಗಶಿರ ಆರಿದ್ರಾ ಮಳೆಗಳು ಹೊಡೆದಾಗ? ಕಪಾಟಿರಲಿ, ಟ್ರಂಕಿರಲಿ, ಬೇವಿನೆಲೆಯಿರಲಿ, ಗುಳಿಗೆಯಿರಲಿ, ಆ ಕಟ್ಟಡದಲ್ಲಿ ಉಣ್ಣೆ ಒಣಗಿ ಉಳಿಯುವ ಜಾಗವೇ ಇರಲಿಲ್ಲ. ಇಡುವುದೇ ದೊಡ್ಡದು ಎನ್ನುತ್ತಲೇ ಇಷ್ಟು ದಿನ ನಾನು ಒಗೆಯುವ ಹದದ ಮೇಲೆ ಜಗಳವಾಡಿದ್ದೆ, ಇಡುವ ಜಾಗವನ್ನು ನೋಡಿರಲೇ ಇಲ್ಲ.

ಪರೀಕ್ಷೆ ಮುಗಿದು ಹುಡುಗಿಯರು ಊರಿಗೆ ಹೊರಡುವ ತಯಾರಿಯಲ್ಲಿದ್ದರು. ಒಣಗಿದ ಸ್ವೆಟರುಗಳನ್ನು ಪಡಸಾಲೆಯಲ್ಲಿ ಹರಡಿಕೊಂಡು ಕೂತಿದ್ದೆ. ಪಾರಿಶ್ವಾಡದ ಹುಡುಗಿ ಎದುರಿಗೆ ಕೂತು ಗುಂಡಿಗಳನ್ನು ಬಿಗಿ ಮಾಡುತ್ತಿದ್ದಳು.

"ನಿಮ್ಮ ಮನ್ಯಾಗ ಮಳಿಗಾಲದಾಗ ಜ್ವಾಳ ಎಲ್ಲಿಡ್ತೀರಿ?" ಅಂತ ಕೇಳಿದೆ.

"ಕಾಳಿನ ಖೋಲಿಯೊಳಗ್ರಿ. ನಡುಮನಿ ಬಾಜೂಕ. ಅಡಗಿ ಒಲಿ ಬೆನ್ನಿಗೆ ಐತ್ರಿ ಅದು, ಬೆಚ್ಚಗಿರ್ತೈತಿ."

"ಮುಗ್ಗಲ ಆಗೂದಿಲ್ಲಾ?"

"ಮುಗ್ಗಲ ಆದ್ರ ಉಣ್ಣೂದೇನ್ರಿ ಅಕ್ಕಾರ? ನಮ್ಮವ್ವ ವಾರಕ್ಕೊಮ್ಮೆ ತೆಗದು ನೋಡ್ತಾಳ."

ಪಾರಿಶ್ವಾಡ, ಬೀಡಿ ಊರುಗಳ ಕಡೆ ಮಳೆ ಕಡಿಮೆ. ಅದೇ ತಾಲೂಕು, ಆದರೆ ಎರೆನೆಲ, ಬಯಲುಸೀಮೆಯ ಗಾಳಿ. ವರ್ಷದ ಕಾಳನ್ನು ಮಳೆಯಿಂದ ಕಾಯುವ ಮನೆಗಳು ಒಂದು ಸ್ವೆಟರನ್ನು ಕಾಯಲಾರವೇ? ಪ್ರತಿ ಹುಡುಗಿಯೂ ತನ್ನದನ್ನು ತನ್ನ ಊರಿಗೆ ಒಯ್ಯಲಿ. ಘಟ್ಟದ ಮಳೆಯೂರಿನ ಹುಡುಗಿಯರದನ್ನು ಈ ಬಯಲ ಕಡೆಯ ಹುಡುಗಿಯರು ಹಂಚಿಕೊಂಡು ಒಯ್ಯಲಿ. ದೀಪಾವಳಿ ರಜೆ ಮುಗಿಸಿ ಬರುವಾಗ ತಂದರಾಯಿತು, ಚಳಿ ಶುರುವಾಗುವುದೇ ಆಗ.

ಮಾವಶಿ ಕೇಳಿ ಕೈ ಬಾಯಿಗೆ ಒತ್ತಿಕೊಂಡಳು. "ಅಗ ಬಾಯಿ! ಕೊಟ್ಟ ಅರಿವಿ ತಿರಗಿ ಬಂದಾವೇನ್ರಿ ಯಾವಾಗರ? ಸಾವುಕಾರ್ರಿಗೆ ಕೇಳಿ ಮಾಡ್ರಿ."

ಕೇಳಿದರೆ ಬೇಡ ಅನ್ನುತ್ತಾರೆಂದು ಗೊತ್ತಿತ್ತು. ಕೇಳದೆ ಮಾಡಿದೆ. ಕರೆದೊಯ್ಯಲು ಬಂದ ಒಬ್ಬೊಬ್ಬ ಅಪ್ಪನನ್ನೂ ಅವ್ವನನ್ನೂ ಕೂಡಿಸಿಕೊಂಡು ಹೇಳಿದೆ. ಬಿಸಿನೀರು ಬೇಡ, ಹಗ್ಗಕ್ಕೆ ತೂಗು ಹಾಕಬೇಡಿ, ಬೇವಿನ ಎಲೆ ಒಣಗಿಸಿ ನಡುವೆ ಇಡಿ, ಬಿಸಿಲು ಬಿದ್ದ ದಿನ ತೆಗೆದು ಗಾಳಿಗೆ ಹಾಕಿ. ಘಟ್ಟದ ಕಡೆಯ ಒಬ್ಬ ಸಣ್ಣ ಹುಡುಗಿ ತನ್ನ ಹಸಿರು ಸ್ವೆಟರು ಬೇರೆಯವರ ಕೈಗೆ ಹೋಗುವುದನ್ನು ನೋಡಿ ಅತ್ತಳು. ಪಾರಿಶ್ವಾಡದವಳು ಅವಳ ಎದುರಿಗೇ ತನ್ನ ನೀಲಿ ಸ್ವೆಟರಿನೊಳಗೆ ಅದನ್ನಿಟ್ಟು ಮಡಚಿ, "ನಂದರ ಹೊಟ್ಟ್ಯಾಗ ನಿಂದೈತಿ, ಸುಮ್ಮನಾಗು," ಅಂದಳು.

ಜೂನಿನಲ್ಲಿ ಸಾಲೆ ಶುರುವಾದಾಗ ಕಾರ್ಯದರ್ಶಿಗಳು ಬಂದರು. ಬಂದವರೇ ನೇರವಾಗಿ ಕಪಾಟು ತೆಗೆದರು.

"ಬಾಯಾರ, ಖಾಲಿ ಐತಲ್ಲ!"

ನಡೆದದ್ದು ಹೇಳಿದೆ. ಅವರ ಮುಖ ಕೆಂಪಾಯಿತು. ಅವರು ದನಿ ಏರಿಸಿದ್ದನ್ನು ಅಂದೇ ಮೊದಲು ಕೇಳಿದ್ದು.

"ಸಂಸ್ಥೆ ಸಾಮಾನದು! ಯಾರನ್ನ ಕೇಳಿ ಹಂಚಿದ್ರಿ? ನಾನು ನಾಕ ಮಂದಿ ಕೈಕಾಲ ಹಿಡದು ಉಣ್ಣಿ ತಂದು ಕೊಟ್ಟೇನಿ. ಈಗ ಅವರಿಗೇನ ಹೇಳಲಿ?"

"ಇಲ್ಲೇ ಇಟ್ಟಿದ್ರ ಹುಳಕ್ಕ ಕೊಟ್ಟಂಗ ಆಗ್ತಿತ್ರಿ. ಮನಷ್ಯಾರಿಗೆ ಕೊಟ್ಟೇನಿ."

"ಮಾತ ಛಲೋ ಆಡ್ತೀರಿ. ದೀಪಾವಳಿಗೆ ಬರಲಿಲ್ಲಂದ್ರ?"

"ಬರಲಿಲ್ಲಂದ್ರ ನೀವು ಬ್ಯಾರೆಯವರನ್ನ ನೋಡ್ಕೋರಿ," ಅಂದುಬಿಟ್ಟೆ.

ಅವರು ಕಪಾಟಿನ ಬಾಗಿಲನ್ನು ಹಾಗೇ ಬಿಟ್ಟು ಹೊರಟು ಹೋದರು. ಹೇಳಿದ ಮಾತು ಹೊರಗೆ ಬಿದ್ದ ಮೇಲೆ ಅದರ ಭಾರ ತಿಳಿಯಿತು. ಆ ಮಳೆಗಾಲದಷ್ಟು ಉದ್ದನೆಯ ಮಳೆಗಾಲವನ್ನು ನಾನು ಕಂಡಿಲ್ಲ. ಖಾಲಿ ಕಪಾಟಿನ ತಳಕ್ಕೆ ಹಾಸಿದ್ದ ಹಳೆಯ ಪೇಪರಿನ ಮೇಲೆ ಹಸಿರು ಬೂಷ್ಟು ಬೆಳೆಯುವುದನ್ನು ಆಗಾಗ ತೆಗೆದು ನೋಡುತ್ತಿದ್ದೆ. ನನ್ನ ಲೆಕ್ಕ ಸರಿಯಿತ್ತು ಎಂಬ ಸಮಾಧಾನ ಅರೆಗಳಿಗೆ ಇರುತ್ತಿತ್ತು. ಆಮೇಲೆ ಯಾವುದೋ ಊರಿನ ಯಾವುದೋ ಮನೆಯಲ್ಲಿ ಇಲಿಯೊಂದು ನೀಲಿ ಉಣ್ಣೆಯನ್ನು ಕಡಿಯುತ್ತಿರುವ ಚಿತ್ರ ಕಣ್ಮುಂದೆ ಬರುತ್ತಿತ್ತು. ಪಡಸಾಲೆಯಲ್ಲಿ ಕೂತು ಕುಗ್ಗಿದ ರಗ್ಗುಗಳನ್ನು ಜೋಡಿಸಿ ಹೊಲಿದೆ. ಸೂಜಿ ಒಳಗೆ ಹೋಗದಷ್ಟು ಗಟ್ಟಿ, ಬೆರಳೆಲ್ಲ ತೂತು.

ದೀಪಾವಳಿ ಮುಗಿಸಿ ಹುಡುಗಿಯರು ಒಬ್ಬೊಬ್ಬರೇ ಬರತೊಡಗಿದರು. ಬಸ್ಸಿನಿಂದ ಇಳಿದವರ ಮುಖ ನೋಡುವ ಮೊದಲು ನಾನು ಕೈಯಲ್ಲಿದ್ದ ಗಂಟು ನೋಡುತ್ತಿದ್ದೆ. ಬಂದವು. ಒಂದು ಹೊಗೆಯ ವಾಸನೆ ಹೊತ್ತು ಬಂತು, ಇನ್ನೊಂದರ ಮಡಿಕೆಯಿಂದ ಜೋಳದ ಕಾಳು ಉದುರಿದವು. ಒಂದಕ್ಕೆ ಇಲಿ ಬಾಯಿ ಹಾಕಿತ್ತು, ಅದನ್ನು ಅಜ್ಜಿಯೊಬ್ಬಳು ಕರಿದಾರದಲ್ಲಿ ಹೊಲಿದು ಕಳಿಸಿದ್ದಳು. ಒಂದನ್ನು ಮಳೆಗಾಲವೆಲ್ಲ ತಮ್ಮ ತೊಟ್ಟಿದ್ದನಂತೆ, ಮೊಣಕೈ ಹರಿದಿತ್ತು. ಬೀಡಿಯ ಒಬ್ಬ ಅವ್ವ, ಸಂಸ್ಥೆಯದನ್ನು ಹಾಗೇ ಹೇಗೆ ಕೊಡುವುದೆಂದು ಮರ್ಯಾದೆಗಾಗಿ ಮತ್ತೊಮ್ಮೆ ಕುದಿಯುವ ನೀರಲ್ಲಿ ಒಗೆದಿದ್ದಳು, ಸ್ವೆಟರು ಗೊಂಬೆಗೆ ಬರುವಷ್ಟಾಗಿತ್ತು. ಅದನ್ನು ಕೈಯಲ್ಲಿ ಹಿಡಿದು ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಆದರೂ ಹುಳು ತಿಂದದ್ದು ಒಂದೂ ಇರಲಿಲ್ಲ. ಒಯ್ದವರಲ್ಲಿ ತಂದುಕೊಡದೆ ಉಳಿದವರೂ ಇರಲಿಲ್ಲ, ಒಬ್ಬಳನ್ನು ಬಿಟ್ಟು. ಪಾರಿಶ್ವಾಡದ ಹುಡುಗಿ ಬರಲಿಲ್ಲ. ಘಟ್ಟದ ಸಣ್ಣ ಹುಡುಗಿ ಬೆಳಿಗ್ಗೆ ಟವೆಲ್ಲು ಹೊದ್ದುಕೊಂಡು ಗೇಟಿನ ಹತ್ತಿರ ನಿಲ್ಲುತ್ತಿದ್ದಳು.

ಒಂದು ಬೆಳಿಗ್ಗೆ ಮೊದಲ ಬಸ್ಸಿಗೆ ಅವಳ ಅಪ್ಪ ಬಂದ. ಒಬ್ಬನೇ. ಬಿಳಿ ಟೋಪಿ, ಕೈಯಲ್ಲಿ ಒಗೆದ ಧೋತರದ ತುಂಡಿನಲ್ಲಿ ಕಟ್ಟಿದ ಗಂಟು. ಕಟ್ಟೆಯ ಮೇಲಿಟ್ಟು ಬಿಚ್ಚಿದ. ಹಸಿರು ಸ್ವೆಟರು, ನೀಲಿ ಸ್ವೆಟರು, ನಡುವೆ ಬೇವಿನ ಎಲೆ. ನಿಲಯಕ್ಕೆ ಮರಳಿದ್ದರಲ್ಲೆಲ್ಲ ಅಷ್ಟು ಅಚ್ಚುಕಟ್ಟಾಗಿ ಬಂದದ್ದು ಇವೆರಡೇ.

"ನೋಡ್ಕೋರಿ ಅಕ್ಕಾರ. ಹ್ಯಾಂಗ ಒಯ್ದಿದ್ಲೋ ಹಂಗ ಅದಾವ."

"ಹುಡುಗಿ ಎಲ್ಲದಾಳ?"

ಅವನು ಟೋಪಿ ತೆಗೆದು ಮತ್ತೆ ಇಟ್ಟುಕೊಂಡ. "ಆಕೀ ಇನ್ನ ಬರಾಂಗಿಲ್ರಿ. ಅವ್ವಗ ಆರಾಮಿಲ್ಲ, ಮನಿ ನೋಡೋರ ಇಲ್ಲ. ಗಂಡಿನ ಕಡೀ ಮಂದೀನೂ ಬಂದು ನೋಡಿ ಹೋಗ್ಯಾರ. ಸಂಸ್ಥೇದು ನಮ್ಮ ಮನ್ಯಾಗ ಉಳೀಬಾರದಲ್ರಿ, ಅದಕ್ಕ ತಂದೆ."

ಹತ್ತನೆಯ ತರಗತಿ, ಅರ್ಧ ವರ್ಷ ಕಳೆದಿತ್ತು. ಮಾರ್ಚಿನಲ್ಲಿ ಪರೀಕ್ಷೆ. ನನ್ನೊಳಗೆ ಒಂದು ವರ್ಷದಿಂದ ಒಟ್ಟಾಗಿದ್ದ ಬೇಸರವೆಲ್ಲ ಒಮ್ಮೆಲೇ ಉಕ್ಕಿತು. ಆದರೆ ಯಾರ ಮೇಲೆ ಚೆಲ್ಲುವುದು? ಯಾರೂ ಕೇಳದಿದ್ದರೂ ಎರಡು ಸ್ವೆಟರು ಮರಳಿಸಲು ಕತ್ತಲಲ್ಲೆದ್ದು ಬಸ್ಸು ಹಿಡಿದು ಬಂದ ಮನುಷ್ಯ. ನಾನು ಹಸಿರು ಸ್ವೆಟರು ತೆಗೆದುಕೊಂಡೆ. ನೀಲಿಯದನ್ನು ಅವನ ಕಡೆ ಸರಿಸಿದೆ.

"ಇದನ್ನ ನಾ ಇಸ್ಕೊಳ್ಳಾಕ ಬರೂದಿಲ್ಲ."

"ಯಾಕ್ರಿ? ಏನರ ಆಗೇತೇನು?"

"ಒಯ್ದಾಕೀನ ತಂದು ಕೊಡಬೇಕು. ಇಲ್ಲಿ ಹಂಗ ಕಾಯ್ದೆ ಐತಿ."

ಅಂಥ ಕಾಯ್ದೆ ಇರಲಿಲ್ಲ. ಆ ಕ್ಷಣಕ್ಕೆ ಬಾಯಿಗೆ ಬಂದದ್ದು ಅದು.

"ಇದೆಂಥಾ ಕಾಯ್ದೆರಿ? ಅರಿವಿ ಬಂದ್ರ ಆತಲ್ಲ! ನಾ ಆಕೀ ಅಪ್ಪ ಅದೇನಿ."

"ಅಪ್ಪ ಅದೀರಿ ಖರೇ. ಆದ್ರ ಒಯ್ದಿದ್ದು ಆಕೀ. ನನಗೂ ಮ್ಯಾಲಿನವರು ಕೇಳ್ತಾರ."

ಅವನು ನನ್ನ ಮುಖವನ್ನೇ ನೋಡುತ್ತ ನಿಂತ. ಕೋಪ ಬಂದಿತ್ತು, ಆದರೆ ಸಂಸ್ಥೆಯ ಸಾಮಾನು ಅಲ್ಲೇ ಬಿಟ್ಟು ಹೋಗುವ ಜಾತಿಯ ಮನುಷ್ಯನಲ್ಲ. ಏನೋ ಗೊಣಗಿ ಗಂಟು ಕಟ್ಟಿಕೊಂಡು ಹೋದ. ಮಾವಶಿ ಅಡುಗೆಮನೆಯ ಬಾಗಿಲಿಂದ ಎಲ್ಲ ಕೇಳಿಸಿಕೊಂಡಿದ್ದಳು. "ಛಲೋ ಬಂದ ಸ್ವೆಟರನ್ನ ಹೊಳ್ಳಿ ಕಳಿಸಿದ್ರೇನ್ರಿ!" ಅಂದಳು. ನಾನು ಹಸಿರು ಸ್ವೆಟರನ್ನು ಘಟ್ಟದ ಸಣ್ಣ ಹುಡುಗಿಗೆ ತೊಡಿಸಿದೆ. ಅವನು ಮತ್ತೆ ಬಾರದಿದ್ದರೆ ಹುಡುಗಿಯೂ ಇಲ್ಲ, ಸ್ವೆಟರೂ ಇಲ್ಲ, ಕಾರ್ಯದರ್ಶಿಗಳ ಮುಂದೆ ನನ್ನ ಮಾತೂ ಇಲ್ಲ.

ಮುಂದಿನ ಸಂತೆಯ ದಿನ ಅವನು ಮಗಳನ್ನು ಕರೆದುಕೊಂಡು ಬಂದ. ಹುಡುಗಿ ಸೊರಗಿದ್ದಳು. ಕೈಯಲ್ಲಿ ನೀಲಿ ಸ್ವೆಟರು. ನನ್ನ ಕೈಗೆ ಕೊಡುವ ಬದಲು ಎದೆಗೆ ಹಿಡಿದುಕೊಂಡು ನಿಂತಳು. ಚಹಾ ತರಿಸಿದೆ. ಕಾಯ್ದೆಯ ಮಾತು ಎತ್ತಲಿಲ್ಲ. ಅವ್ವನ ಕಾಯಿಲೆ ಏನು, ಔಷಧ ಯಾರದು, ಮನೆಯಲ್ಲಿ ಬೇರೆ ಯಾರಿದ್ದಾರೆ ಎಂದು ಕೇಳಿದೆ. ಹೇಳುತ್ತ ಹೋದವನು ತನ್ನ ತಂಗಿಯ ಮಾತಿಗೆ ಬಂದು ನಿಂತ. ಅವಳು ಬೀಡಿಯಲ್ಲಿದ್ದಳು, ಕರೆದರೆ ಬರುವವಳು, ಆದರೆ ಕರೆಯಲು ಇವನಿಗೆ ಸಂಕೋಚ.

"ಮಾರ್ಚ್ ತನಕಾ ಅಷ್ಟ ಕರಸ್ರಿ," ಅಂದೆ. "ಮದಿವಿ ನಾ ಬ್ಯಾಡನ್ನೂದಿಲ್ಲ, ಅದು ನಿಮ್ಮ ಮನಿ ಮಾತು. ಪರೀಕ್ಷಾ ಒಂದು ಬರೀಲಿ."

ಅವನು ಕಪ್ಪಿನಿಂದ ಬಸಿಗೆ ಚಹಾ ಸುರಿದುಕೊಂಡ. ಆಗ ಹುಡುಗಿಯೇ ಬಾಯಿ ತೆರೆದಳು.

"ಅಪ್ಪಾ, ಬರದು ಬರ್ತೇನಿ. ಅತ್ತೀಗೆ ನಾನ ಹೇಳ್ತೇನಿ, ನೀ ಹೇಳಬ್ಯಾಡ."

ಅವನು ಬಸಿಯಲ್ಲಿದ್ದ ಚಹಾ ಮುಗಿಸಿದ. "ಪರೀಕ್ಷಾ ತನಕಾ ಅಷ್ಟ," ಅಂದ. ಮೂರು ದಿನ ಬಿಟ್ಟು ಅವಳು ಟ್ರಂಕಿನೊಂದಿಗೆ ಬಂದಳು.

ಆ ಚಳಿಗಾಲ ಅವಳು ಯಾರಿಗೂ ಸ್ವೆಟರು ಹೆಣೆಯಲಿಲ್ಲ. ನಾನೇ ಬೇಡವೆಂದಿದ್ದೆ. ಗಿಡ್ಡ ರಗ್ಗು ಕಾಲಿಗೆ ಸುತ್ತಿಕೊಂಡು, ನೀಲಿ ಸ್ವೆಟರು ತೊಟ್ಟು, ಕಂಬಕ್ಕೆ ಒರಗಿ ಓದುತ್ತಿದ್ದಳು. ಪರೀಕ್ಷೆ ಮುಗಿದ ಮರುದಿನ ಅಪ್ಪ ಬಂದು ಗೇಟಿನಲ್ಲಿ ನಿಂತ. ಅವಳು ಸ್ವೆಟರು ಒಗೆದು ಒಣಗಿಸಿ ಮಡಚಿಟ್ಟಿದ್ದಳು, ಕೊಡಲು ತಂದಳು. "ಎಲ್ಲಾರಂಗ ನೀನೂ ಒಯ್ಯಿ," ಅಂದೆ. ಅವಳು ಟ್ರಂಕು ತೆಗೆದು ಅದನ್ನು ಎಲ್ಲಕ್ಕಿಂತ ಅಡಿಗೆ ಇಟ್ಟಳು.

ಪಾಸಾದಳು. ಮಳೆ ಶುರುವಾಗುವ ಮೊದಲೇ ಮದುವೆಯೂ ಆಯಿತೆಂದು ಬೀಡಿಯ ಹುಡುಗಿಯೊಬ್ಬಳು ಹೇಳಿದಳು. ಯಾವ ಊರಿಗೆ ಕೊಟ್ಟರೆಂದು ಅವಳಿಗೂ ಸರಿಯಾಗಿ ಗೊತ್ತಿರಲಿಲ್ಲ.

ಹಿಂದಿನ ವರ್ಷ ಎಲ್ಲ ಸ್ವೆಟರೂ ಮರಳಿದ್ದನ್ನು ಕಂಡ ಮೇಲೆ ಕಾರ್ಯದರ್ಶಿಗಳು ತಕರಾರು ಎತ್ತಿರಲಿಲ್ಲ. ಅವಳ ಮದುವೆಯಾದ ವರ್ಷದ ದೀಪಾವಳಿಯ ನಂತರ ಅವರು ಬಂದಾಗ ಮರಳಿ ಬಂದ ಸ್ವೆಟರುಗಳನ್ನು ಪಡಸಾಲೆಯಲ್ಲಿ ಒಟ್ಟಿದ್ದೆ. ಒಟ್ಟಿಲಿಗೆ ಕೈಯಾಡಿಸಿ, ಒಂದೆರಡನ್ನು ಮೂಸಿ ನೋಡಿ, ತಲೆದೂಗಿದರು. ಆಮೇಲೆ ಮತ್ತೊಮ್ಮೆ ಎಣಿಸಿದರು.

"ಒಂದು ಕಡಿಮಿ ಬೀಳ್ತೈತಲ್ಲ ಬಾಯಾರ. ಕಳೀತೇನು?"

"ಇಲ್ರಿ," ಅಂದೆ. "ಒಬ್ಬಾಕಿ ಗಂಡನ ಮನಿಗೆ ಒಯ್ದಾಳ."

ಯಾರು, ಎಲ್ಲಿಗೆ ಎಂದು ಅವರು ಕೇಳಲಿಲ್ಲ. ಮೇಲಿದ್ದ ಸ್ವೆಟರಿನ ಮಡಿಕೆ ಸರಿಮಾಡಿ ಅದರ ಜಾಗಕ್ಕೆ ಇಟ್ಟರು.